ಗಿಡ ನೆಡುವ ಮುಂಚೆ ಮಣ್ಣು ಪರೀಕ್ಷೆ: ಹಿತ್ತಲಿಗೂ ಹೊಲಕ್ಕೂ ಒಂದು ಸಮಗ್ರ ಮಾರ್ಗದರ್ಶಿ

ಮನೆ ಕಟ್ಟಿದ ವರ್ಷ ಹಿತ್ತಲಿಗೆ ಒಂದು ಟ್ರ್ಯಾಕ್ಟರ್ ಲೋಡು ಕೆಂಪು ಮಣ್ಣು ಹಾಕಿಸಿದ್ದೆವು. ನೋಡಲು ಚೆನ್ನಾಗಿತ್ತು. ಬದನೆ, ಟೊಮ್ಯಾಟೊ, ಕರಿಬೇವು ನೆಟ್ಟೆವು. ನೀರು ಹಾಕಿದೆವು, ಗೊಬ್ಬರ ಹಾಕಿದೆವು. ಗಿಡ ಸಾಯಲೂ ಇಲ್ಲ, ಏಳಲೂ ಇಲ್ಲ. ಆರು ತಿಂಗಳಾದ ಮೇಲೆ ತುಮಕೂರು ಕಡೆಯಿಂದ ದೊಡ್ಡಪ್ಪ ಬಂದರು. ಒಂದು ಹಿಡಿ ಮಣ್ಣು ಎತ್ತಿ, ನೀರು ಚಿಮುಕಿಸಿ ಹಿಸುಕಿ ನೋಡಿದರು. "ಇದು ಪಾಯ ತೆಗೆದ ಮಣ್ಣು ಕಣೋ. ಮೇಲ್ಮಣ್ಣಲ್ಲ" ಅಂದರು.

ಅವರು ಹೇಳಿದ್ದು ನಿಜವಾಗಿತ್ತು. ಏಳೆಂಟು ಅಡಿ ಆಳದ ಮಣ್ಣಿನಲ್ಲಿ ಬೇರು ಇರುವುದಿಲ್ಲ, ಕೊಳೆತ ಎಲೆ ಇರುವುದಿಲ್ಲ, ಎರೆಹುಳು ಇರುವುದಿಲ್ಲ. ಬಣ್ಣ ಮಾತ್ರ ಅದೇ. ಅವತ್ತು ದೊಡ್ಡಪ್ಪ ಅರ್ಧ ನಿಮಿಷದಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಲೋಡು ಇಳಿಸುವ ಮುಂಚೆ ಮಾಡಿದ್ದರೆ ಸಾಕಿತ್ತು. ಅದಕ್ಕೇ ಇಲ್ಲಿ ಮೊದಲು ಕೈಯಿಂದ ಮಾಡುವ ಪರೀಕ್ಷೆಗಳನ್ನು ಹೇಳುತ್ತೇನೆ. ಲ್ಯಾಬ್ ಆಮೇಲೆ. ಲ್ಯಾಬ್ ವರದಿ ಪೋಷಕಾಂಶ ಎಷ್ಟಿದೆ ಅಂತ ಹೇಳುತ್ತದೆ. ಆ ಪೋಷಕಾಂಶ ಗಿಡಕ್ಕೆ ಸಿಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಮಣ್ಣಿನ ರಚನೆ, ನೀರು, ಗಾಳಿ, ಪಿಎಚ್ (ಹುಳಿ-ಕ್ಷಾರದ ಅಳತೆ) ಮೇಲೆ ನಿಂತಿದೆ.

ಮೊದಲು: ನಿಮ್ಮದು ಯಾವ ಮಣ್ಣು?

ನಮ್ಮ ರಾಜ್ಯದಲ್ಲಿ ಮಣ್ಣು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ. ಕೋಲಾರ, ತುಮಕೂರು, ಬೆಂಗಳೂರು, ಮಂಡ್ಯದ ಕಡೆ ಕೆಂಪು ಮಣ್ಣು ಜಾಸ್ತಿ. ಕಬ್ಬಿಣದ ಆಕ್ಸೈಡ್‌ನಿಂದ ಆ ಬಣ್ಣ ಬಂದಿದೆ. ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಉತ್ತರದಲ್ಲಿ ಇದನ್ನೇ ಮಸಾರಿ ಅನ್ನುತ್ತಾರೆ.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯದು ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೀರು ಹಿಡಿದಿಡುವ ಶಕ್ತಿ ಎಷ್ಟೆಂದರೆ, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಹುಪಾಲು ಮಣ್ಣಿನಲ್ಲಿ ಉಳಿದ ತೇವದ ಮೇಲೇ ಬೆಳೆಯುತ್ತವೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಜಂಬಿಟ್ಟಿಗೆ ಮಣ್ಣು. ಜೋರು ಮಳೆಗೆ ಸುಣ್ಣದಂಶ, ಪೊಟ್ಯಾಶ್ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ.

ಇಷ್ಟು ಗೊತ್ತಿದ್ದರೆ ಏನನ್ನು ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಆದರೆ ಪೇಟೆಯ ಸೈಟಿನಲ್ಲಿ ಇದನ್ನು ನಂಬಬೇಡಿ. ಅಲ್ಲಿ ಮಣ್ಣು ಎಲ್ಲಿಂದ ಬಂತೋ ಯಾರಿಗೂ ಗೊತ್ತಿರುವುದಿಲ್ಲ. ಸಿಮೆಂಟು, ಇಟ್ಟಿಗೆ ಚೂರು ಬೇರೆ ಸೇರಿರುತ್ತದೆ.

ಹಂತ 1: ಹಿಡಿಯಲ್ಲಿ ಹಿಸುಕಿ ನೋಡಿ

ಮಣ್ಣಿನಲ್ಲಿ ಮೂರು ಗಾತ್ರದ ಕಣ ಇರುತ್ತವೆ. ಮರಳು ದೊಡ್ಡದು, ಕಣ್ಣಿಗೆ ಕಾಣುತ್ತದೆ. ಗೋಡು ಅದಕ್ಕಿಂತ ಸಣ್ಣದು, ಹಿಟ್ಟಿನ ಹಾಗೆ ನುಣುಪು. ಜೇಡಿ ಎಲ್ಲಕ್ಕಿಂತ ಸಣ್ಣದು, 0.002 ಮಿಲಿಮೀಟರಿಗಿಂತ ಕಡಿಮೆ. ಪೋಷಕಾಂಶವನ್ನು ಹಿಡಿದಿಡುವ ಕೆಲಸ ಮುಖ್ಯವಾಗಿ ಜೇಡಿ ಮತ್ತು ಕೊಳೆತ ಸಾವಯವ ಅಂಶದ್ದು. ಮರಳು, ಗೋಡು, ಜೇಡಿ ಈ ಮೂರರ ಪ್ರಮಾಣ ತಾನಾಗಿಯೇ ನಿಮ್ಮ ಕಾಲದಲ್ಲಿ ಬದಲಾಗುವುದಿಲ್ಲ. ಹಾಗಾಗಿ ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಸಾಕು.

ಒಂದು ಹಿಡಿ ಮಣ್ಣು ತೆಗೆದುಕೊಳ್ಳಿ. ಕಲ್ಲು, ಬೇರು ಆರಿಸಿ. ಹನಿ ಹನಿಯಾಗಿ ನೀರು ಹಾಕುತ್ತಾ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಒಂದೆರಡು ನಿಮಿಷ ಚೆನ್ನಾಗಿ ನಾದಬೇಕು, ಇಲ್ಲದಿದ್ದರೆ ಗಂಟುಗಳು ಮರಳಿನ ಹಾಗೆ ಅನ್ನಿಸಿ ಮೋಸ ಮಾಡುತ್ತವೆ. ಈಗ ಉಂಡೆ ಮಾಡಿ.

ಉಂಡೆಯೇ ನಿಲ್ಲದೆ ಉದುರಿದರೆ ಮರಳು ಮಣ್ಣು. ಉಂಡೆ ನಿಂತರೆ ಅದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ರಿಬ್ಬನ್ ಹಾಗೆ ಹೊರಗೆ ಬಿಡಿ. ಪಟ್ಟಿ 2.5 ಸೆಂಟಿಮೀಟರ್ ಆಗುವ ಮುಂಚೆ ಮುರಿದರೆ ಹಗುರ ಮಣ್ಣು, ಜೇಡಿ ಕಡಿಮೆ. 2.5ರಿಂದ 5 ಸೆಂಟಿಮೀಟರ್ ಬಂದರೆ ಮಧ್ಯಮ. 5 ಸೆಂಟಿಮೀಟರ್ ದಾಟಿ ಜೋತಾಡಿದರೆ ಜೇಡಿ ಮಣ್ಣು. ಗದಗದ ಎರೆ ಮಣ್ಣು ಉದ್ದಕ್ಕೆ ಹೊಳೆಯುತ್ತಾ ಬರುತ್ತದೆ, ಬೆರಳಿಗೂ ಬಿಡದೆ ಅಂಟುತ್ತದೆ.

ಕೊನೆಗೆ ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ಜಾಸ್ತಿ ನೀರು ಹಾಕಿ ಉಜ್ಜಿ. ಗರಗರ ಅಂದರೆ ಮರಳಿನ ಪಾಲು ಹೆಚ್ಚು. ರೇಷ್ಮೆಯ ಹಾಗೆ ಜಾರಿದರೆ ಗೋಡು ಹೆಚ್ಚು. ಕೆರೆ ಹೂಳನ್ನು ಒಮ್ಮೆ ಉಜ್ಜಿ ನೋಡಿ, ಈ ವ್ಯತ್ಯಾಸ ಆಮೇಲೆ ಮರೆಯುವುದಿಲ್ಲ.

ಹಂತ 2: ಬಾಟಲಿಯಲ್ಲಿ ಅಳೆಯಿರಿ

ಕೈ ಹೇಳಿದ್ದನ್ನು ಅಂಕಿಯಲ್ಲಿ ನೋಡಬೇಕಾದರೆ ಒಂದು ಪಾರದರ್ಶಕ ಬಾಟಲಿ ಸಾಕು. ಗೋಡೆ ನೇರವಾಗಿರಬೇಕು. ಒಣಗಿಸಿ ಪುಡಿ ಮಾಡಿ ಜರಡಿ ಹಿಡಿದ ಮಣ್ಣನ್ನು ಮೂರನೇ ಒಂದು ಭಾಗ ತುಂಬಿ. ನೀರು ಹಾಕಿ, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ. ಅದು ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಮುಚ್ಚಳ ಬಿಗಿ ಮಾಡಿ ಹತ್ತು ನಿಮಿಷ ಕುಲುಕಿ. ಅಲ್ಲಾಡದ ಜಾಗದಲ್ಲಿ ಇಡಿ.

ಒಂದು ನಿಮಿಷಕ್ಕೆ ತಳದಲ್ಲಿ ಕೂತಿದ್ದು ಮರಳು. ಅಲ್ಲಿ ಗೆರೆ ಹಾಕಿ. ಎರಡು ಗಂಟೆಗೆ ಅದರ ಮೇಲೆ ಕೂತಿದ್ದು ಗೋಡು. ಮತ್ತೊಂದು ಗೆರೆ. ಒಂದೆರಡು ದಿನ ಬಿಟ್ಟು ನೀರು ತಿಳಿಯಾದಾಗ ಮೇಲಿರುವ ತೆಳು ಪದರ ಜೇಡಿ. ತೇಲುವ ಕಸ, ಕಡ್ಡಿ ಎಲ್ಲ ಸಾವಯವ ಚೂರು.

ಒಟ್ಟು ಎತ್ತರ 10 ಸೆಂಟಿಮೀಟರ್, ಅದರಲ್ಲಿ ಮರಳು 5, ಗೋಡು 2, ಜೇಡಿ 3 ಅಂದುಕೊಳ್ಳಿ. ಅಂದರೆ ಶೇಕಡಾ 50, 20, 30. ಇದು ಮರಳು ಬೆರೆತ ಜೇಡಿಗೋಡು ಮಣ್ಣು, ತರಕಾರಿಗೆ ಒಳ್ಳೆಯದು. ಕಪ್ಪು ಮಣ್ಣಿನಲ್ಲಿ ಒಂದು ಎಚ್ಚರಿಕೆ ಬೇಕು. ಜೇಡಿ ನೀರಿನಲ್ಲಿ ಉಬ್ಬಿರುತ್ತದೆ, ಹಾಗಾಗಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ನೀರು ತಿಳಿಯಾಗಲು ಎರಡು ದಿನಕ್ಕಿಂತ ಜಾಸ್ತಿಯೂ ಹಿಡಿಯಬಹುದು.

ಅಂಟು ಮಣ್ಣಿಗೆ ಮರಳು ಬೆರೆಸಿದರೆ ಸರಿಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಸ್ವಲ್ಪ ಮರಳು ಬೆರೆಸಿದರೆ ಒಣಗಿದಾಗ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಕೊಪ್ಪಳ, ಗದಗದ ರೈತರು ಎರೆ ಹೊಲಕ್ಕೆ ಮರಳು ಹೊಡೆಯುವುದು ನಿಜ, ಆದರೆ ಅದು ಬೆರೆಸಲು ಅಲ್ಲ. ಮೇಲೆ ಹೊದಿಕೆಯಾಗಿ ಹರಡುತ್ತಾರೆ, ತೇವ ಆರದಿರಲಿ ಅಂತ. ಅಂಟು ಮಣ್ಣಿಗೂ ಮರಳು ಮಣ್ಣಿಗೂ ನಿಜವಾದ ಔಷಧಿ ಒಂದೇ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್. ಬರೀ ಮರಳು ಮಣ್ಣಾದರೆ ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸುವ ಹಳೇ ಪದ್ಧತಿಯೂ ಬಹಳ ಒಳ್ಳೆಯದು.

ಹಂತ 3: ಒಂದು ಅಡಿ ಗುಂಡಿ ತೆಗೆಯಿರಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಒಂದು ಗುಂಡಿಯಿಂದ ನಾಲ್ಕೈದು ವಿಷಯ ಗೊತ್ತಾಗುತ್ತದೆ.

ಒಂದು ಅಡಿ ಉದ್ದ, ಅಗಲ, ಆಳ. ತೆಗೆಯುವಾಗಲೇ ಗಮನಿಸಿ. ಗುದ್ದಲಿ ಸಲೀಸಾಗಿ ಹೋಗಿ ಅರ್ಧ ಅಡಿಗೆ ಟಣ್ ಅಂತ ನಿಂತರೆ ಕೆಳಗೆ ಗಟ್ಟಿ ಪದರ ಇದೆ. ಒಂದೇ ಆಳಕ್ಕೆ ವರ್ಷಗಟ್ಟಲೆ ಉಳುಮೆ ಮಾಡಿದ ಹೊಲದಲ್ಲಿ, ಲಾರಿ ಓಡಾಡಿದ ಸೈಟಿನಲ್ಲಿ ಇದು ಸಾಮಾನ್ಯ. ಬೇರು ಅಲ್ಲಿ ಅಡ್ಡ ತಿರುಗಿರುವುದು ಗುಂಡಿಯ ಗೋಡೆಯಲ್ಲೇ ಕಾಣುತ್ತದೆ. ಮಣ್ಣಿನ ವಾಸನೆ ನೋಡಿ. ಮೊದಲ ಮಳೆಯ ವಾಸನೆ ಇದ್ದರೆ ಒಳ್ಳೆಯದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ನಿಂತು ಗಾಳಿ ಆಡುತ್ತಿಲ್ಲ. ಆಗ ಬೂದು, ನೀಲಿ ಛಾಯೆಯ ಮಚ್ಚೆಗಳೂ ಕಾಣಬಹುದು.

ತೆಗೆದ ಮಣ್ಣನ್ನು ಒಂದು ಚೀಲದ ಮೇಲೆ ಸುರಿದು ಎರೆಹುಳು ಎಣಿಸಿ. ಮಳೆಗಾಲದಲ್ಲಿ ಬೆಳಗ್ಗೆ ಹತ್ತು ಸಿಕ್ಕರೆ ಮಣ್ಣು ಚೆನ್ನಾಗಿದೆ ಅಂತಲೇ ಲೆಕ್ಕ. ಬೇಸಿಗೆಯಲ್ಲಿ ಎಣಿಸಬೇಡಿ, ಅವು ಆಳಕ್ಕೆ ಇಳಿದಿರುತ್ತವೆ.

ಈಗ ನೀರು. ಗುಂಡಿ ತುಂಬಾ ನೀರು ಹಾಕಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ. ಲೆಕ್ಕಕ್ಕೆ ಬರುವುದು ಈ ಎರಡನೇ ಸಲದ್ದು, ಯಾಕೆಂದರೆ ಒಣ ಮಣ್ಣು ಮೊದಲ ಸಲ ಸಿಕ್ಕಾಪಟ್ಟೆ ಕುಡಿಯುತ್ತದೆ. ಅಡ್ಡಕ್ಕೆ ಕೋಲಿಟ್ಟು ಸ್ಕೇಲಿನಿಂದ ಗಂಟೆಗೆ ಎಷ್ಟು ಇಳಿಯಿತು ನೋಡಿ. 2.5ರಿಂದ 8 ಸೆಂಟಿಮೀಟರ್ ಇಳಿದರೆ ಹೆಚ್ಚಿನ ಗಿಡಗಳಿಗೆ ಸರಿ. ಅದಕ್ಕಿಂತ ಕಡಿಮೆ ಆದರೆ ಪಪ್ಪಾಯಿ, ಮೆಣಸಿನಂಥವು ಬೇರು ಕೊಳೆತು ಸಾಯುತ್ತವೆ. ಅಲ್ಲಿ ಏರು ಮಡಿ ಮಾಡಿ ನೆಡಿ. 10 ಸೆಂಟಿಮೀಟರ್ ದಾಟಿದರೆ ನೀರೂ ನಿಲ್ಲದು, ಗೊಬ್ಬರವೂ ನಿಲ್ಲದು. ಸ್ವಲ್ಪ ಸ್ವಲ್ಪವಾಗಿ, ಆಗಾಗ ಕೊಡಬೇಕು.

ಗುಂಡಿಯಿಂದ ಒಂದು ಹೆಂಟೆ ಎತ್ತಿ ನೆರಳಲ್ಲಿ ಒಣಗಿಸಿ. ಗಾಜಿನ ಲೋಟದ ನೀರಿನಲ್ಲಿ ಮೆಲ್ಲಗೆ ಬಿಡಿ. ಹತ್ತು ನಿಮಿಷವಾದರೂ ಆಕಾರ ಉಳಿಸಿಕೊಂಡರೆ ಕಣಗಳನ್ನು ಸಾವಯವ ಅಂಟು ಹಿಡಿದಿದೆ. ತಕ್ಷಣ ಕುಸಿದರೆ ಮಳೆ ಬಿದ್ದಾಗ ಮೇಲ್ಪದರ ಹೆಪ್ಪುಗಟ್ಟುವ ಮಣ್ಣು. ರಾಗಿ ಬಿತ್ತಿದ ಮೇಲೆ ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೊಳಕೆ ಮೇಲೆ ಬರಲು ಒದ್ದಾಡುವುದು ಇದಕ್ಕೇ. ಹೆಂಟೆಯ ಸುತ್ತ ಹಾಲಿನ ಹಾಗೆ ಮೋಡ ಕಟ್ಟಿ ನೀರು ಕದಡಿಯೇ ಉಳಿದರೆ ಸೋಡಿಯಂ ಜಾಸ್ತಿ ಇರುವ ಅನುಮಾನ. ಇದು ಮುಂದೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನು ಹದ. "ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು" ಅನ್ನುವ ಗಾದೆ ಕೇಳಿದ್ದೀರಿ ಅಲ್ವಾ? ಅದನ್ನು ನೋಡುವ ರೀತಿ ಸುಲಭ. ಅರ್ಧ ಅಡಿ ಆಳದ ಮಣ್ಣನ್ನು ಹಿಡಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಉಂಡೆ ಪುಡಿಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿದರೆ ಇನ್ನೂ ಹಸಿ, ಈಗ ಅಗೆದರೆ ರಚನೆ ಹಾಳಾಗುತ್ತದೆ. ಉಂಡೆಯೇ ಕಟ್ಟದಿದ್ದರೆ ತೇವ ಸಾಲದು. ಒದ್ದೆ ಜೇಡಿಯನ್ನು ಒಂದು ದಿನ ತುಳಿದು ಕೆಡಿಸಿದರೆ ಅದು ಸರಿಹೋಗಲು ಒಂದು ಹಂಗಾಮೇ ಬೇಕು.

ಹಂತ 4: ಪಿಎಚ್

ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ ಇದು. 6.5ಕ್ಕಿಂತ ಕಡಿಮೆ ಹುಳಿ, 6.5ರಿಂದ 7.5 ತಟಸ್ಥ, ಅದಕ್ಕಿಂತ ಮೇಲೆ ಕ್ಷಾರ. ಒಂದಂಕಿಯ ವ್ಯತ್ಯಾಸ ಅಂದರೆ ಹತ್ತು ಪಟ್ಟು. ಹಾಗಾಗಿ 5.5 ಮತ್ತು 6.5 ಹತ್ತಿರ ಹತ್ತಿರ ಅಂದುಕೊಳ್ಳಬೇಡಿ.

ಇದು ಯಾಕೆ ಮುಖ್ಯ ಅಂದರೆ, ಗೊಬ್ಬರ ಇದ್ದೂ ಗಿಡಕ್ಕೆ ಸಿಗದ ಹಾಗೆ ಮಾಡುವುದು ಪಿಎಚ್. ಕರಾವಳಿಯ ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಕಟ್ಟಿಹಾಕುತ್ತವೆ. ಸುಣ್ಣದ ಕಲ್ಲಿರುವ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಜೊತೆಗೆ ಕಬ್ಬಿಣ, ಸತು ಸಿಗುವುದಿಲ್ಲ. ಶೇಂಗಾದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದನ್ನು ನೋಡಿರಬಹುದು. ಕಬ್ಬಿಣ ಸಿಗದಿದ್ದಾಗ ಹಾಗಾಗುತ್ತದೆ. ಬೋರ್‌ವೆಲ್ ನೀರು ಕುಡಿಯುವ ಕುಂಡದ ಗುಲಾಬಿ, ನಿಂಬೆಯಲ್ಲೂ ಇದೇ ಕಾಣುತ್ತದೆ.

ಮನೆಯಲ್ಲಿ ನೋಡುವುದು ಹೀಗೆ. 20 ಗ್ರಾಂ ಒಣ ಮಣ್ಣಿಗೆ 50 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ. ಬ್ಯಾಟರಿಗೆ ಹಾಕುವ ನೀರು ಆಗುತ್ತದೆ. ನಲ್ಲಿ ನೀರು ಬೇಡ, ಗಡಸು ನೀರಾದರೆ ಅದರ ಕ್ಷಾರವೇ ಸ್ಟ್ರಿಪ್‌ನಲ್ಲಿ ಬರುತ್ತದೆ. ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾಗಲು ಬಿಟ್ಟು ಪಿಎಚ್ ಸ್ಟ್ರಿಪ್ (ಬಣ್ಣ ಬದಲಿಸಿ ಪಿಎಚ್ ತೋರಿಸುವ ಕಾಗದದ ಪಟ್ಟಿ) ಅದ್ದಿ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರ್‌ಗೆ ದುಡ್ಡು ಹಾಕಬೇಡಿ. ಮಣ್ಣಿನ ತೇವ ಬದಲಾದರೆ ಅದರ ಅಂಕಿಯೂ ಬದಲಾಗುತ್ತದೆ.

ಒಣ ಮಣ್ಣಿನ ಮೇಲೆ ವಿನೆಗರ್ ಹಾಕಿದಾಗ ಬುಸ್ಸೆಂದು ನೊರೆ ಬಂದರೆ ಸುಣ್ಣ ಇದೆ. ನೊರೆ ಬರಲಿಲ್ಲ ಅಂದ ಮಾತ್ರಕ್ಕೆ ಹುಳಿ ಮಣ್ಣು ಅಲ್ಲ, ಸುಣ್ಣ ಇಲ್ಲ ಅಂತ ಅಷ್ಟೇ ಅರ್ಥ. ಅರಿಶಿನ ನೀರಿನ ಪರೀಕ್ಷೆಯನ್ನೂ ಕೆಲವರು ಹೇಳುತ್ತಾರೆ. ಅರಿಶಿನ ಕೆಂಪಾಗುವುದು ಸಾಕಷ್ಟು ಕ್ಷಾರದಲ್ಲಿ ಮಾತ್ರ, ಸಾಮಾನ್ಯ ಮಣ್ಣಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಹೆಚ್ಚಿನ ತರಕಾರಿಗೆ 6ರಿಂದ 7.5 ಸಾಕು. ಕಾಫಿಗೆ 6ರ ಆಸುಪಾಸು ಬೇಕು, ಅದಕ್ಕೇ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಸುಣ್ಣ ಹಾಕುವ ರೂಢಿ ಇದೆ. ಆದರೆ ಎಷ್ಟು ಸುಣ್ಣ ಅನ್ನುವುದು ಪಿಎಚ್ ಒಂದರಿಂದ ಗೊತ್ತಾಗುವುದಿಲ್ಲ. ಜೇಡಿ ಜಾಸ್ತಿ ಇದ್ದರೆ ಸುಣ್ಣವೂ ಜಾಸ್ತಿ ಬೇಕು. ಅದನ್ನು ಲ್ಯಾಬ್‌ನಲ್ಲಿ ಕೇಳಿ. ಕ್ಷಾರ ಮಣ್ಣಿಗೆ ಸುಮ್ನೆ ಸುಣ್ಣ ಎರಚಬೇಡಿ.

ಸೌಳು ಇದ್ದರೆ

ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಕಡೆ ನೀರು ನಿಂತು ಸೌಳಾದ ಹೊಲಗಳಿವೆ. ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಕಾಣಿಸಿಕೊಂಡರೆ ಉಪ್ಪು. ನೀರು ಬಸಿದು ಹೋಗುವ ದಾರಿ ಮಾಡಿ ಒಳ್ಳೆಯ ನೀರಿನಿಂದ ತೊಳೆದರೆ ಇಳಿಯುತ್ತದೆ. ಪಿಎಚ್ 8.5 ದಾಟಿ, ಹೆಂಟೆ ಪರೀಕ್ಷೆಯಲ್ಲಿ ನೀರು ಕದಡಿದ್ದರೆ ಅದು ಬೇರೆ, ಅದು ಕರಲು, ಅಂದರೆ ಸೋಡಿಯಂ ಜಾಸ್ತಿಯಾದ ಮಣ್ಣು. ಬರೀ ನೀರಿನಿಂದ ಹೋಗುವುದಿಲ್ಲ, ಜಿಪ್ಸಂ ಬೇಕು. ಎರಡನ್ನೂ ಒಂದೇ ಅಂದುಕೊಂಡು ಖರ್ಚು ಮಾಡಿದರೆ ದುಡ್ಡೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

ಹಂತ 5: ಲ್ಯಾಬ್‌ಗೆ ಮಾದರಿ ತೆಗೆಯುವುದು

ಇಲ್ಲಿ ನಿಧಾನವಾಗಿ ಓದಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ನೀವು ಕಳಿಸುವುದು ಅರ್ಧ ಕೆಜಿ. ಲ್ಯಾಬ್‌ನವರು ಒಂದೊಂದು ಪರೀಕ್ಷೆಗೆ ಬಳಸುವುದು ಕೆಲವೇ ಗ್ರಾಂ. ಆ ಕೆಲವು ಗ್ರಾಂ ನಿಮ್ಮ ಇಡೀ ಹೊಲದ ಪರವಾಗಿ ಮಾತಾಡಬೇಕು. ಮಾದರಿ ತಪ್ಪಾದರೆ ಯಾವ ಯಂತ್ರವೂ ಸರಿ ಉತ್ತರ ಕೊಡುವುದಿಲ್ಲ.

ಕೊಯ್ಲು ಮುಗಿದು ಮುಂದಿನ ಗೊಬ್ಬರ ಹಾಕುವ ಮುಂಚೆ ತೆಗೆಯಿರಿ. ಬೇಸಿಗೆ ಒಳ್ಳೆಯ ಕಾಲ. ಹೊಲದಲ್ಲಿ ಕೆಂಪು ಪಟ್ಟೆ ಬೇರೆ, ಕಪ್ಪು ಪಟ್ಟೆ ಬೇರೆ, ಏರು ಬೇರೆ, ತಗ್ಗು ಬೇರೆ ಇದ್ದರೆ ಒಂದೊಂದಕ್ಕೂ ಬೇರೆ ಮಾದರಿ. ಬದು, ಮರದ ಬುಡ, ತಿಪ್ಪೆ ಇದ್ದ ಜಾಗ, ಕಾಲುವೆ ಪಕ್ಕ, ದನ ಕಟ್ಟುವ ಜಾಗ ಬೇಡ.

ಅಂಕುಡೊಂಕಾಗಿ ನಡೆಯುತ್ತಾ 10ರಿಂದ 15 ಕಡೆ ನಿಲ್ಲಿ. ಮೇಲಿನ ಕಸ ಸರಿಸಿ. ಇಂಗ್ಲಿಷ್ ವಿ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಗುಂಡಿ ಮಾಡಿ, ಅದರ ಒಂದು ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಬೆರಳಗಲದ ಪದರ ಸೀಳಿ ಬಕೆಟ್ಟಿಗೆ ಹಾಕಿ. ಮೇಲೆ ದಪ್ಪ, ಕೆಳಗೆ ತೆಳ್ಳಗೆ ಆಗಬಾರದು. ತೆಂಗು, ಮಾವು, ಅಡಿಕೆಯಂಥ ಮರಗಳಿಗೆ 0–30, 30–60, 60–90 ಸೆಂಟಿಮೀಟರ್ ಆಳದ್ದು ಬೇರೆ ಬೇರೆ ತೆಗೆಯಬೇಕು. ಸತು, ಕಬ್ಬಿಣ ಪರೀಕ್ಷೆ ಮಾಡಿಸುವುದಾದರೆ ತುಕ್ಕು ಹಿಡಿದ ಸಲಿಕೆ, ತಗಡಿನ ಬಕೆಟ್ ಬೇಡ. ಮರದ ಕಡ್ಡಿ, ಪ್ಲಾಸ್ಟಿಕ್ ಬಕೆಟ್ ಬಳಸಿ.

ಎಲ್ಲವನ್ನೂ ಶುದ್ಧ ಬಟ್ಟೆಯ ಮೇಲೆ ಬೆರೆಸಿ ವೃತ್ತವಾಗಿ ಹರಡಿ. ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಉಳಿದದ್ದನ್ನು ಮತ್ತೆ ಬೆರೆಸಿ ಹಾಗೇ ಮಾಡಿ. ಅರ್ಧ ಕೆಜಿ ಉಳಿಯುವವರೆಗೆ ಮಾಡುತ್ತಾ ಹೋಗಿ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಇಡಬೇಡಿ. ಹೊಸ ಪ್ಲಾಸ್ಟಿಕ್ ಅಥವಾ ಬಟ್ಟೆ ಚೀಲಕ್ಕೆ ತುಂಬಿ. ಖಾಲಿ ಯೂರಿಯಾ ಚೀಲದ ಮೇಲೆ ಮಣ್ಣು ಒಣಗಿಸಿದ ಮಾದರಿಗಳನ್ನು ನಾನೇ ನೋಡಿದ್ದೇನೆ, ಆ ವರದಿಯಿಂದ ಏನು ಪ್ರಯೋಜನ ಹೇಳಿ. ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ, ನೀರಾವರಿಯೋ ಮಳೆಯಾಶ್ರಿತವೋ ಬರೆದ ಚೀಟಿ ಹಾಕಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹಂತ 6: ವರದಿ ಓದುವುದು

ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಲ್ಲಿ ಶುರುವಾಯಿತು. ಪರೀಕ್ಷೆಯ ವರದಿ ಆ ಕಾರ್ಡಿನಲ್ಲೇ ಬರುತ್ತದೆ, ಅದರಲ್ಲಿ 12 ಅಂಶಗಳಿರುತ್ತವೆ. ಮೊದಲು ಪಿಎಚ್ ನೋಡಿ, ಆಮೇಲೆ ಇಸಿ, ಅಂದರೆ ಕರಗಿದ ಲವಣ. ಅದು 1ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. ಆಮೇಲೆ ಸಾವಯವ ಇಂಗಾಲ. ಶೇಕಡಾ 0.5ಕ್ಕಿಂತ ಕೆಳಗೆ ಕಡಿಮೆ, 0.75ಕ್ಕಿಂತ ಮೇಲೆ ಒಳ್ಳೆಯದು. ನನ್ನ ಮಟ್ಟಿಗೆ ಇಡೀ ಕಾರ್ಡಿನಲ್ಲಿ ಅತಿ ಮುಖ್ಯ ಸಾಲು ಇದು. ಇದು ಕಡಿಮೆ ಇದ್ದರೆ ಉಳಿದ ಗೊಬ್ಬರ ಎಷ್ಟು ಸುರಿದರೂ ಫಲ ಅರ್ಧವೇ.

ಸಾರಜನಕ ಹೆಕ್ಟೇರಿಗೆ 280 ಕೆಜಿಗಿಂತ ಕಡಿಮೆ ಇದ್ದರೆ ಕೊರತೆ, 560 ದಾಟಿದರೆ ಹೆಚ್ಚು. ಪೊಟ್ಯಾಶ್ 144ಕ್ಕಿಂತ ಕೆಳಗೆ ಕೊರತೆ, 336 ದಾಟಿದರೆ ಹೆಚ್ಚು. ರಂಜಕಕ್ಕೆ ಸುಮಾರು 23 ಮತ್ತು 56. ಕಪ್ಪು ಮಣ್ಣಿನಲ್ಲಿ ಪೊಟ್ಯಾಶ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಹೆಚ್ಚು ಅಂತ ಬಂದಿದ್ದನ್ನು ಮತ್ತೆ ಕೊಂಡು ಹಾಕಬೇಡಿ.

ಕೊನೆಯ ಸಾಲುಗಳನ್ನು ಜನ ಓದುವುದೇ ಇಲ್ಲ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ನಮ್ಮ ಮಳೆಯಾಶ್ರಿತ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ದೊಡ್ಡದಾಗಿ ಕಂಡಿದ್ದು ಗಂಧಕ, ಸತು, ಬೋರಾನ್ ಕೊರತೆ. ಸತು 0.6, ಬೋರಾನ್ 0.5, ಗಂಧಕ 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ.

ಶಿಫಾರಸು ಎಕರೆಗೆ ಅಥವಾ ಹೆಕ್ಟೇರಿಗೆ ಇರುತ್ತದೆ, ನಿಮ್ಮ ಹಿತ್ತಲು 100 ಚದರ ಅಡಿ ಇರಬಹುದು. ಎಕರೆಗೆ 100 ಕೆಜಿ ಅಂದರೆ ಗುಂಟೆಗೆ 2.5 ಕೆಜಿ, 100 ಚದರ ಅಡಿಗೆ 230 ಗ್ರಾಂ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಅಂದರೆ 100 ಚದರ ಅಡಿಗೆ 23 ಕೆಜಿ, ಅಂದರೆ ಒಂದು ಚೀಲದಷ್ಟು. ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್ ಅಂದರೆ ಬರೀ 23 ಗ್ರಾಂ. ಇದನ್ನು ರಂಜಕದ ಗೊಬ್ಬರದ ಜೊತೆ ಬೆರೆಸಬೇಡಿ, ಸ್ವಲ್ಪ ದಿನ ಬಿಟ್ಟು ಹಾಕಿ. ಬೋರಾಕ್ಸ್ ಇನ್ನೂ ಕಡಿಮೆ ಬೇಕು, ಕೈಯಳತೆಯಲ್ಲಿ ಎರಚಿದರೆ ಗಿಡಕ್ಕೆ ವಿಷವಾಗುತ್ತದೆ. ತೂಕ ಮಾಡಿ, ಒಂದು ಬುಟ್ಟಿ ಒಣ ಮಣ್ಣಿನಲ್ಲಿ ಬೆರೆಸಿ, ಆ ಮಣ್ಣನ್ನು ಮಡಿಯ ತುಂಬಾ ಸಮನಾಗಿ ಹರಡಿ. ಮೂರು ವರ್ಷ ಬಿಟ್ಟು ಅದೇ ತಿಂಗಳು, ಅದೇ ಆಳದಿಂದ ಮತ್ತೆ ಮಾದರಿ ತೆಗೆದು ಹಳೇ ಕಾರ್ಡಿನ ಪಕ್ಕ ಇಟ್ಟು ನೋಡಿ.